ಸುರುಳಿಯತ್ತೆಯ ದೀಪ

ಸುಟ್ಟುಹೋದ ಮೋಟರುಗಳ ಹೊಟ್ಟೆ ಬಗೆದು, ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ಜೀವ ಕೊಡುವುದು ಅವಳ ಕಸುಬು. ಗಂಡ ಕಲಿಸಿದ್ದು, ಗಂಡ ಹೋದ ಮೇಲೆ ಹೊಟ್ಟೆ ಹೊರೆದದ್ದೂ ಅದೇ. ಬೀದಿಗೆಲ್ಲ ಅವಳು ಸುರುಳಿಯತ್ತೆ. ತಮ್ಮನ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ: ಒಂದು ಬೆಂಚು, ವಾರ್ನಿಷ್ ವಾಸನೆ, ಗೋಡೆಗೆ ತೂಗುಹಾಕಿದ ತಂತಿಯ ಉರುಳೆಗಳು.

ಇತ್ತೀಚೆಗೆ ಅವಳ ಕಣ್ಣು ಮಂಜಾಗಿತ್ತು. ಅದರ ಬಗ್ಗೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ಬೆಂಚನ್ನೇ ತಮ್ಮ ಎತ್ತಿಟ್ಟುಬಿಡುತ್ತಾನೆ. "ಸಾಕಕ್ಕಾ, ಇನ್ನಾದ್ರೂ ಆರಾಮಾಗಿ ಕೂತ್ಕೋ" ಎನ್ನುವುದು ಅವನ ನಿತ್ಯದ ರಾಗ. ಬೆಂಚು ಹೋದರೆ ಈ ಕೈಗಳನ್ನು ಎಲ್ಲಿಡುವುದೋ ಅವಳಿಗೆ ತಿಳಿಯದು.

ಬೇಕರಿಯವನ ಹಿಟ್ಟು ನಾದುವ ಯಂತ್ರದ ಮೋಟರ್ ಬಂದದ್ದು ಆಗಲೇ. ಸುತ್ತಿ ಮುಗಿಸಿ, ಪ್ಲಗ್ಗಿಗೆ ಸಿಕ್ಕಿಸಿದ ಪರೀಕ್ಷೆಯ ದೀಪದ ಎರಡು ತಂತಿಗಳನ್ನು ಸುರುಳಿಯ ಎರಡು ತುದಿಗೆ ಮುಟ್ಟಿಸಿದಳು. ಕರೆಂಟಿನ ದಾರಿ ಸರಿಯಿದ್ದರೆ ಆ ಪುಟ್ಟ ಬಲ್ಬು ಹತ್ತಬೇಕು. ಹತ್ತಲಿಲ್ಲ. ತಂತಿ ಒಳಗೆಲ್ಲೋ ತುಂಡಾಗಿರಬೇಕೆಂದು ಎಲ್ಲ ಬಿಚ್ಚಿ ಮತ್ತೆ ಸುತ್ತಿದಳು. ಮತ್ತೂ ಹತ್ತಲಿಲ್ಲ.

ಬೇಕರಿಯವನು ಬಾಗಿಲಿಗೆ ಬಂದ. "ಅತ್ತೆ, ನನ್ನ ಹಿಟ್ಟೂ ಇಷ್ಟೊತ್ತಿಗೆ ಉಬ್ಬುತ್ತೆ. ನಿಮ್ಮ ಮೋಟರ್ ಇನ್ನೂ ಮಿಸುಕ್ತಾನೇ ಇಲ್ವಲ್ಲ!"

"ನಿನ್ನ ಬ್ರೆಡ್ಡು ಮೆತ್ತಗಾಗೋ ಹೊತ್ತಿಗೆ ಇದೂ ತಿರುಗುತ್ತೆ, ಹೋಗೋ" ಎಂದು ಗದರಿ ಅಟ್ಟಿದಳು.

ಮೂಲೆಯ ಸ್ಟೂಲಿನ ಮೇಲೆ ತಮ್ಮನ ಮಗಳು ಪರೀಕ್ಷೆಗೆಂದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. "ತಾಮ್ರದ ಪರಮಾಣುವಿನ ಹೊರಕವಚದಲ್ಲಿ ಒಂದೇ ಎಲೆಕ್ಟ್ರಾನ್..."

"ಏನೇ ಅದು, ನನ್ನ ತಾಮ್ರದ ಸುದ್ದಿ?"

"ಹೂಂ ಅತ್ತೆ. ಪರಮಾಣುವಿನ ನಡುವೆ ಗಟ್ಟಿ ಬೀಜ, ಸುತ್ತ ಎಲೆಕ್ಟ್ರಾನುಗಳು. ತಾಮ್ರದಲ್ಲಿ ಆಚೆ ಇರೋ ಒಂದಕ್ಕೆ ಹಿಡಿತ ಸಡಿಲ. ಅದು ಒಂದು ಮನೆ ಅಂತ ನಿಲ್ಲಲ್ಲ, ಅಲೀತಾನೇ ಇರುತ್ತೆ."

"ನಿಮ್ಮಪ್ಪನ ಥರ ಅನ್ನು."

ಹುಡುಗಿ ಕಿಸಕ್ಕನೆ ನಕ್ಕಳು. "ಬ್ಯಾಟರಿ ಜೋಡಿಸಿದ್ರೆ ಆ ಅಲೆಮಾರಿಗಳೆಲ್ಲಾ ಒಂದೇ ಕಡೆ ಸರಿಯುತ್ವೆ. ಅದೂ ಬಸವನಹುಳಕ್ಕಿಂತ ನಿಧಾನ."

"ಸುಮ್ನಿರೇ. ಟಾರ್ಚು ಒತ್ತಿದ ತಕ್ಷಣ ಹತ್ತಲ್ವಾ?"

"ತಂತಿ ತುಂಬಾ ಅವೇ ಅಲ್ವಾ ಅತ್ತೆ? ನೀರು ತುಂಬಿದ ಕೊಳವೆ ಥರ. ಈ ಕಡೆ ತಳ್ಳಿದ್ರೆ ಆ ಕಡೆಯವೂ ಆಗಲೇ ಹೊರಡ್ತಾವೆ. ಅದೇ ರಬ್ಬರ್, ಗಾಜು, ವಾರ್ನಿಷ್ ನೋಡಿ, ತಮ್ಮ ಎಲೆಕ್ಟ್ರಾನುಗಳನ್ನೆಲ್ಲಾ ಬಿಗಿಯಾಗಿ ಹಿಡ್ಕೊಂಡಿರ್ತಾವೆ. ಒಂದೂ ಹೊಸಿಲು ದಾಟಲ್ಲ. ತೆಳ್ಳಗೆ ಒಂದು ಪದರ ಇದ್ರೂ ದಾರಿ ಬಂದ್."

ಅತ್ತೆಯ ಕೈ ನಿಂತಿತು. ಸುತ್ತುಗಳು ಒಂದಕ್ಕೊಂದು ತಾಗದಿರಲೆಂದು ತಂತಿಗೆ ತೆಳುವಾಗಿ ವಾರ್ನಿಷ್ ಬಳಿದಿರುತ್ತದೆ. ತುದಿಯಲ್ಲಿ ಮಾತ್ರ ಬ್ಲೇಡಿನಿಂದ ಅದನ್ನು ಪೂರ್ತಿ ಕೆರೆಯಬೇಕು. ಹಳೆಯ ಉರುಳೆಯ ವಾರ್ನಿಷ್ ಕಡುಗೆಂಪು, ಕೆರೆದದ್ದು ತಿಳಿಯುತ್ತಿತ್ತು. ಈ ಹೊಸ ಉರುಳೆಯದ್ದು ತಾಮ್ರದ್ದೇ ಬಣ್ಣ. ಒಂದೆರಡು ಸಲ ಬ್ಲೇಡು ಆಡಿಸಿ, ಹೊಳೆಯಿತೆಂದು ನಂಬಿ ಬಿಟ್ಟಿದ್ದಳು.

ತಪ್ಪು ತಿಳಿಯಿತು. ಸರಿಪಡಿಸಲು ಬೇಕಾದದ್ದು ಕಣ್ಣು. ತಂತಿಯ ತುದಿಯನ್ನು ಹುಡುಗಿಯ ಮುಂದೆ ಹಿಡಿದಳು. "ನೋಡೇ, ಕೆರೆದಿದೆಯಾ? ನಂಗೆ ಕಾಣಲ್ಲ."

"ಒಂದು ಗೀರಷ್ಟೇ ಹೋಗಿದೆ ಅತ್ತೆ."

ಅತ್ತೆ ಕಾಣಲ್ಲ ಎಂದದ್ದನ್ನು ಇನ್ನೊಬ್ಬನೂ ಕೇಳಿಸಿಕೊಂಡಿದ್ದ. ತಮ್ಮ ಒಳಬಾಗಿಲಲ್ಲಿ ನಿಂತಿದ್ದ. "ಯಾವಾಗಿಂದ ಅಕ್ಕಾ?"

ಅವಳು ಬೆಂಚಿನ ಅಂಚನ್ನು ಹಿಡಿದುಕೊಂಡಳು. "ಸುತ್ತೋದು ಬೆರಳು ಕಣೋ, ಕಣ್ಣಲ್ಲ. ಇನ್ಮೇಲೆ ಕೆರೆದ ಒಂದೊಂದು ತುದಿಗೇ ದೀಪದ ಎರಡೂ ತಂತಿ ಮುಟ್ಟಿಸ್ತೀನಿ. ಹತ್ತಿದ್ರೆ ಬರೀ ತಾಮ್ರ, ಇಲ್ಲಾಂದ್ರೆ ಇನ್ನೂ ಕೆರೀತೀನಿ. ದೀಪವೂ ಕಾಣದಷ್ಟು ಕುರುಡಿಯಾಗಿಲ್ಲ ನಾನು."

"ಈ ಮಿಣುಕು ದೀಪವಾ?" ಎಂದವನೇ ಒಳಗೆ ಹೋದ. ಅವಳು ಅಂಚನ್ನು ಬಿಡಲಿಲ್ಲ. ಅವನು ತನ್ನ ಕೋಣೆಯ ದೊಡ್ಡ ಬಲ್ಬನ್ನು ಕಳಚಿ ತಂದು, ಪುಟ್ಟದನ್ನು ತೆಗೆದು ಅದರ ಜಾಗಕ್ಕೆ ಸಿಕ್ಕಿಸಿದ. "ಈಗ ಮುಟ್ಟಿಸು."

ಅವಳು ಕೆರೆದಳು, ಮುಟ್ಟಿಸಿದಳು. ಬೆಂಚು, ಉರುಳೆಗಳು, ತಮ್ಮನ ಮುಖ, ಎಲ್ಲವೂ ಬೆಳಗಿದವು.

"ನಿನ್ನ ಕೋಣೆಗೇನೋ?"

"ನಂಗ್ಯಾಕೆ ಬಿಡು" ಎಂದ, ಮಗಳ ಕಡೆ ನೋಡುತ್ತ. "ಹೇಗೂ ಮನೇಲಿ ನಿಲ್ಲೋನಲ್ವಲ್ಲ."