ಮೋಟಾರಿನ ಮುಂದೆ ನಿಂತ ದೊಡ್ಡವ್ವ

ದೊಡ್ಡವ್ವ ಹುಟ್ಟಿ ಬಾಳಿದ್ದು ಖಾನಾಪುರದಲ್ಲಿ. ಎತ್ತು ಬೆದರಿ ಬಂಡಿ ಸಮೇತ ಓಣಿಯಲ್ಲಿ ನುಗ್ಗಿ ಬಂದರೆ ಏನು ಮಾಡಬೇಕೆಂದು ಅಲ್ಲಿ ಮಕ್ಕಳಿಗೂ ಗೊತ್ತಿತ್ತು. ಓಡಬಾರದು, ಅಲುಗದೆ ನಿಲ್ಲಬೇಕು. ನಿಂತವರನ್ನು ಎತ್ತು ಬಳಸಿಕೊಂಡು ಹೋಗುತ್ತದೆ. ಓಡಿದವರೇ ಗಾಲಿಗೆ ಸಿಗುವುದು.

ಹತ್ತೊಂಬೈನೂರ ಇಪ್ಪತ್ತರ ದಶಕದ ಒಂದು ಬೇಸಿಗೆ ಸೂಟಿಯಲ್ಲಿ, ಮಗಳ ಮದುವೆಯ ಸೀರೆಗೆಂದು ಹೊರಟ ಅವಳನ್ನು ರೈಲಿನಲ್ಲಿ ಬೆಳಗಾವಿಗೆ ಕರೆತಂದೆ. ಆಗ ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೆ. ಸ್ಟೇಶನ್ನಿನಿಂದ ವಡಗಾವಿಯ ನೇಕಾರರ ಕಡೆಗೆ ನಡೆದಿದ್ದೆವು. ಟಿಳಕವಾಡಿಯಲ್ಲಿ ರಸ್ತೆ ದಾಟುವಾಗ ಮೋಟಾರು ಬಂತು. ನೆನಪಿನಲ್ಲಿ ಅದು ರೈಲಿನ ಇಂಜಿನ್ನಿನಷ್ಟು ದೊಡ್ಡದು. ಅಂಥ ಮೋಟಾರು ಆಗ ಎಲ್ಲಿತ್ತು? ಹಿತ್ತಾಳೆಯ ಎರಡು ದೀಪಗಳಷ್ಟೇ ಖರೆ ಇರಬೇಕು.

ನಾನು ಆಚೆ ಅಂಚು ಮುಟ್ಟಿದ್ದೆ. ದೊಡ್ಡವ್ವ ನಟ್ಟನಡುವೆ ನಿಂತುಬಿಟ್ಟಳು, ಆ ದೀಪಗಳನ್ನೇ ದಿಟ್ಟಿಸಿ. "ಓಡಿ ಬಾ" ಎಂದು ಕೂಗಿದೆನೆಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಬಾಯಿಂದ ಸದ್ದು ಹೊರಟಿತೆಂದು ಆಣೆ ಮಾಡಲಾರೆ. ಕಿವಿಯೊಳಗೆ ಯಾವ ಸದ್ದೂ ಇರಲಿಲ್ಲ. ಬಿಸಿಲಿನಲ್ಲಿ ಧೂಳಿನ ಕಣಗಳು ಒಂದೊಂದಾಗಿ ಕಾಣುತ್ತಿದ್ದವು.

ಮೋಟಾರು ಕಿರಿಚಿ, ಓರೆಯಾಗಿ, ಅವಳ ನೆರಿಗೆ ಹಾರುವಷ್ಟು ಹತ್ತಿರ ಬಂದು ನಿಂತಿತು. ಚಾಲಕ ಬಾಗಿಲು ದಬ್ಬಿ ಇಳಿದುಬಂದ.

"ಏನ್ರಿ ಆಯಿ, ಸಾಯಾಕ ನಂದ ಗಾಡಿ ಬೇಕಾಗಿತ್ತೇನು? ಬಾಜೂಕ ಸರೀಬಾರದ?"

"ನಾ ನಿಂತಿದ್ನಲ್ಲೊ ತಮ್ಮಾ. ಸರಿಯಾಕ ಅದಕ್ಕೇನಾಗಿತ್ತು?"

"ಅದೇನ ಎತ್ತೇನ್ರಿ? ಅದಕ್ಕ ಕಣ್ಣಿಲ್ಲ!"

"ಮತ್ತ ಅವೆರಡು ಏನು?" ದೊಡ್ಡವ್ವ ದೀಪ ತೋರಿಸಿದಳು.

ಅವನು ಹಣೆ ಬಡಿದುಕೊಂಡು ಗಾಡಿ ಹತ್ತಿದ.

ವಡಗಾವಿಯಲ್ಲಿ ನೇಕಾರ ಸೀರೆ ಬಿಡಿಸಿ ಹರವಿದಾಗ, ಅವಳು ಸೆರಗು ಹಿಡಿದವಳು ಅದನ್ನು ನೋಡದೆ ನನ್ನ ಕಡೆ ತಿರುಗಿದಳು. "ಖರೇನ ಕಣ್ಣಿಲ್ಲೇನೋ ಅದಕ್ಕ?" ಎಂದು ಮೆಲ್ಲಗೆ ಕೇಳಿದಳು. ಇಲ್ಲವೆಂದೆ. ಚೌಕಾಸಿ ಮಾಡದೆ ಸೀರೆ ಕೊಂಡು ಗಂಟು ಕಟ್ಟಿಸಿದಳು.

ಸಂಜೆಯ ರೈಲಿಗೆ ಅದೇ ರಸ್ತೆ ದಾಟಬೇಕು. ಈ ಸಲ ಕೈ ಹಿಡಿದಿದ್ದೆ. ನಡುವೆ ಬಂದಿದ್ದೇವೆ, ತಿರುವಿನಲ್ಲಿ ಹಾರ್ನು ಕೇಳಿತು. ಅವಳ ಪಾದ ನೆಲಕ್ಕೆ ಬೇರು ಬಿಟ್ಟದ್ದು ನನ್ನ ಅಂಗೈಗೆ ತಿಳಿಯಿತು.

"ದೊಡ್ಡವ್ವ, ಓಡೂಣು!"

"ಓಡಬಾರದೋ..." ಎನ್ನುತ್ತಲೇ ಸೀರೆಯ ಗಂಟು ಕಂಕುಳಿಗೆ ಅವುಚಿ ಓಡಿದಳು! ಜೀವಮಾನವಿಡೀ ನಿಲ್ಲಲು ಕಲಿತ ಕಾಲುಗಳು ಅವು. ಹೆದರಿಕೆ ಕಾಲನ್ನು ಹೇಗೆ ಕಟ್ಟುತ್ತದೆಂದು ಆಮೇಲೆ ಪುಸ್ತಕಗಳಲ್ಲಿ ಓದಿದೆ. ಆ ಮೊದಲ ಹೆಜ್ಜೆ ಎಲ್ಲಿಂದ ಬಂತೆಂಬುದು ಯಾವುದರಲ್ಲೂ ಸಿಗಲಿಲ್ಲ.

ಆಚೆ ಅಂಚಿಗೆ ಯಾರು ಯಾರನ್ನು ಎಳೆದುಕೊಂಡು ಬಂದರೋ, ಅದೂ ಈಗ ಖಾತ್ರಿಯಿಲ್ಲ. ಅವಳ ಬಳೆ ನನ್ನ ಮಣಿಕಟ್ಟಿಗೆ ಒತ್ತಿದ್ದು ಮಾತ್ರ ನೆನಪಿದೆ.