ಹಿತ್ತಲ ಗೋಡೆಯ ಕಿಂಡಿ

ಐವತ್ತರ ದಶಕದ ಕೊನೆ. ಜಯನಗರದಲ್ಲಿ ನಮ್ಮ ಮನೆ ಕಟ್ಟಿಸುವ ತಯಾರಿ ನಡೆದಿತ್ತು. ನಾನಾಗ ಬಿ.ಎ. ಓದುತ್ತಿದ್ದೆ. ತತ್ತ್ವಶಾಸ್ತ್ರದ ಪಾದ್ರಿ ಮೇಷ್ಟ್ರು ಒಂದು ದಿನ ಮಧ್ಯಯುಗದ ಕ್ರೈಸ್ತ ಚಿಂತಕರ ಮಾತು ವಿವರಿಸಿದರು. ಮನೆಯೊಂದು ಏಳುವ ಮೊದಲೇ ಕಟ್ಟುವವನ ಮನಸ್ಸಿನಲ್ಲಿ ಇರುವಂತೆ, ಸೃಷ್ಟಿಗೆ ಮೊದಲೇ ಪ್ರತಿಯೊಂದರ ರೂಪವೂ ದೇವರ ಮನಸ್ಸಿನಲ್ಲಿತ್ತಂತೆ.

"ಕೆಟ್ಟದ್ದೂ ಇತ್ತಾ ಸಾರ್?" ಎಂದೆ.

"ಇಲ್ಲಪ್ಪ. ಒಳ್ಳೇದು ಇಲ್ದಿರೋದೇ ಕೆಟ್ಟದ್ದು. ಅದಕ್ಕೆ ಅಂತ ಬೇರೆ ರೂಪ ಇರಲ್ಲ."

ಮಾತು ಹಿಡಿಸಿತು. ಅಪ್ಪನಿಗೆ ಹೇಳೋಣವೆಂದು ಸಂಜೆ ಮನೆಗೆ ಬಂದರೆ, ಅವರು ಹೊಸ ಮನೆಯ ನಕ್ಷೆ ಹರಡಿಕೊಂಡು ಕೂತಿದ್ದರು. ದೇವರ ಕೋಣೆ ಎಲ್ಲಿ ಬರಬೇಕೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಕಕ್ಕಸಿನ ಹಿಂದಿನ ಗೋಡೆಯಲ್ಲಿ, ನೆಲಕ್ಕೆ ತಾಗಿದಂತೆ, ಒಂದು ಕಿಂಡಿಯನ್ನು ಮಾತ್ರ ಆಗಲೇ ಶಾಯಿಯಲ್ಲಿ ಬರೆದಾಗಿತ್ತು.

"ಇದ್ಯಾಕಪ್ಪ?"

"ಕಕ್ಕಸು ಬಳಿಯೋಳು ಹೊರಗಿಂದ್ಲೇ ಕೈ ಹಾಕಿ ಹೇಲಿನ ಡಬ್ಬ ಎಳ್ಕೋತಾಳೆ. ಅವಳು ಒಳಗೆ ಬರೋ ಹಾಗಿಲ್ವಲ್ಲ."

ಕಿಂಡಿಯ ಪಕ್ಕ ಬರೆದಿದ್ದ ಅಳತೆ ಓದಿದೆ. ಕೆಟ್ಟದ್ದಕ್ಕೆ ರೂಪವಿಲ್ಲವಂತೆ! ನಮ್ಮಪ್ಪನ ಮನಸ್ಸಿನಲ್ಲಿ ಇತ್ತು: ಒಂದೂವರೆ ಅಡಿ ಅಗಲ, ಒಂದಡಿ ಎತ್ತರ.

ಥೂ, ನಾನೇನು ಕಮ್ಮಿ? ಆ ಕಕ್ಕಸನ್ನು ವರ್ಷಗಟ್ಟಲೆ ಬಳಸಿದೆ. ಕಿಂಡಿಯಲ್ಲಿ ಬರುತ್ತಿದ್ದ ಕೈ ಚೆನ್ನಾಗಿ ನೆನಪಿದೆ. ಅವಳ ಮುಖ ಇವತ್ತಿಗೂ ಗೊತ್ತಿಲ್ಲ.