ಅಣ್ಣನ ಮೋಟರು, ನಾನು ತಟ್ಟಿದ ಬೆನ್ನು

ಹಂಪಿಯ ಹೊಳೆದಂಡೆಯಲ್ಲಿ ನಮ್ಮಣ್ಣ ಮೋಟರು ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದ. ನಾನು ಹೊಸಪೇಟೆಯಲ್ಲಿ ಬೈಕು ರಿಪೇರಿ ಮಾಡಿಕೊಂಡಿರುವವನು. ಆ ವಿದ್ಯೆ ಕಲಿಸಿದವನೂ ಅವನೇ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಟ್ಯೂನ್ ಮಾಡುವಾಗ ಮಾತಾಡಬಾರದು ಎಂಬುದು ಅವನ ಕಟ್ಟಳೆ. ನಾನು ಸ್ಕ್ರೂ ತಿರುಗಿಸುತ್ತಿದ್ದರೆ ಅವನು ಹಿಂದೆ ನಿಂತು ಕೇಳುತ್ತಿದ್ದ. ದನಿ ಸರಿ ಬಂದಾಗ ಬೆನ್ನಿಗೆ ಎರಡು ಸಲ ತಟ್ಟುತ್ತಿದ್ದ, ಅಷ್ಟೇ. ಮೌನ ಬಂಗಾರ ಅನ್ನುವವರು ನಮ್ಮಣ್ಣನ ಕೈಕೆಳಗೆ ಕೆಲಸ ಕಲಿಯಬೇಕಿತ್ತು.

ವರ್ಷಗಟ್ಟಲೆ ಮೋಟರಿನ ಪಕ್ಕವೇ ಕೂತು ಅವನ ಕಿವಿ ಮಂದವಾದವು. ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಕೆಲಸ ಮಾತ್ರ ಸದ್ದಿಲ್ಲದೆ ಅದಲುಬದಲಾಯಿತು. ಅವನು ತಿರುಗಿಸುವುದು, ನಾನು ತಟ್ಟುವುದು. ಅಲ್ಲಿಂದ ಮುಂದೆ ಸ್ಕ್ರೂಡ್ರೈವರನ್ನು ಅವನು ಇನ್ನೊಬ್ಬರ ಕೈಗೆ ಕೊಡಲಿಲ್ಲ.

ಹೋದ ವರ್ಷ ದೋಣಿಗಳ ತಪಾಸಣೆ ಬಂತು. ಜನರನ್ನು ಕೂರಿಸಿಕೊಂಡು ಹೊಳೆ ದಾಟಿ ಬರಬೇಕು. ಮೋಟರು ನಡುವೆ ನಿಂತರೆ ಪರವಾನಗಿ ಇಲ್ಲ. ಅಣ್ಣನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಹಿಂದಿನ ದಿನ ನಾನು ಬಸ್ಸು ಹತ್ತಿ ಹೋದೆ. ನೀರು ತುಂಬಿದ ಡ್ರಮ್ಮಿಗೆ ದೋಣಿಯಿಂದ ಬಿಚ್ಚಿದ ಮುದಿ ಮೋಟರನ್ನು ಸಿಕ್ಕಿಸಿ ಮಧ್ಯಾಹ್ನದಿಂದ ಕೂತೆವು. ಒಮ್ಮೆ ದನಿ ಸಣ್ಣಗೆ, ಸಮನಾಗಿ ಬಂತು. ನಾನು ತಟ್ಟಿದೆ. ಅವನು ತಿರುಗಿ ನೋಡಿದ.

"ಖರೇನ ಏನ್ಲೇ? ನನಗೇನೋ ಮೋಟರ ಸತ್ತಂಗ ಅನ್ನಿಸ್ತೈತಿ."

ಸ್ಕ್ರೂ ಇನ್ನೂ ಹೊರಕ್ಕೆ ಹೋಯಿತು. ಪೆಟ್ರೋಲು ಹೆಚ್ಚಾಗಿ ಮೋಟರು ದಪ್ಪ ದನಿಯಲ್ಲಿ ಗುದ್ದತೊಡಗಿತು, ಕಪ್ಪು ಹೊಗೆ ಬಂತು. ಆ ದಪ್ಪ ದನಿ ಅವನ ಕಿವಿಗೆ ಮುಟ್ಟಿತು. ಎಷ್ಟೋ ದಿನದ ಮೇಲೆ ಅವನ ಮುಖ ಅರಳಿದ್ದನ್ನು ನೋಡಿದೆ. ಕೈ ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿ ನಾನು ತಟ್ಟುವುದನ್ನೇ ಕಾಯುತ್ತ ಕೂತ. ಆ ದನಿ ತಪ್ಪೆಂದು ನನಗೆ ಗೊತ್ತಿತ್ತು. ತಟ್ಟಿದೆ, ಎರಡು ಸಲ.

ಬೆಳಿಗ್ಗೆ ಬೇಗ ಬಂದು ಸ್ಕ್ರೂವನ್ನು ಅರ್ಧ ಸುತ್ತು ಒಳಗೆ ಹಾಕಿಬಿಟ್ಟರಾಯಿತು, ಅವನಿಗೆ ತಿಳಿಯುವುದೂ ಇಲ್ಲ ಎಂದುಕೊಂಡಿದ್ದೆ. ಭಾಳ ಶಾಣ್ಯಾ ನಾನು. ಬೆಳಿಗ್ಗೆ ಹೋಗಿ ನೋಡಿದರೆ ಸ್ಕ್ರೂವಿನ ತಲೆಯ ಮೇಲೆ ಅತ್ತಿಗೆಯ ಕೆಂಪು ಉಗುರುಬಣ್ಣ ಒಣಗಿತ್ತು. ಟ್ಯೂನಿಂಗ್ ಮುಗಿದ ಮೇಲೆ ಸ್ಕ್ರೂ ಅಲುಗದಿರಲಿ ಎಂದು ಅವನು ಹಾಗೆ ಮೊಹರು ಹಾಕುತ್ತಿದ್ದ. ಅದನ್ನು ಕೆರೆದರೆ ಕಾರಣ ಹೇಳಬೇಕು. ನಾನು ಕೆರೆಯಲಿಲ್ಲ.

ಅಧಿಕಾರಿ ಮುಂದೆ ಕೂತರು, ಜನ ಹತ್ತಿದರು, ನಾನೂ ಹತ್ತಿದೆ. ಹೋಗುವಾಗ ಚೆನ್ನಾಗಿಯೇ ಹೋಯಿತು. ಬರುವಾಗ ನಡುಹೊಳೆಯ ಬಂಡೆಗಳ ಹತ್ತಿರ ಅಣ್ಣ ವೇಗ ತಗ್ಗಿಸಿದ. ಮೋಟರು ಎರಡು ಸಲ ಕೆಮ್ಮಿ ನಿಂತಿತು. ಅವನು ಹಗ್ಗ ಎಳೆದ, ಮತ್ತೆ ಎಳೆದ. ಕಿಡಿ ಹಾರಿಸುವ ಪ್ಲಗ್ಗು ಪೆಟ್ರೋಲಿನಲ್ಲಿ ತೊಯ್ದು ಹೋಗಿತ್ತು. ಕೊನೆಗೆ ನಾವಿಬ್ಬರೂ ಹುಟ್ಟು ಹಾಕಿ ದಂಡೆ ಸೇರಿಸಿದೆವು. ಅಧಿಕಾರಿ ಕೆಟ್ಟವರಲ್ಲ. ಕಾಗದದಲ್ಲಿ ಏನೋ ಬರೆದು, "ಇನ್ನ ಇದನ್ನ ಬಿಟ್ಬಿಡ್ರಿ ಯಜಮಾನ್ರ" ಎಂದು ಹೋದರು. ಅಣ್ಣನಿಗೆ ಅದೂ ಕೇಳಿಸಿರಲಿಕ್ಕಿಲ್ಲ, ಕಾಗದ ನೋಡಿ ತಿಳಿದುಕೊಂಡ.

ಆಮೇಲೆ ಮೋಟರಿನ ಮುಚ್ಚಳ ತೆಗೆದು ಪ್ಲಗ್ಗು ಬಿಚ್ಚಿದ. ಕಪ್ಪಾಗಿದ್ದ ಅದರ ತುದಿಯನ್ನು ಹೆಬ್ಬೆರಳಿನಿಂದ ಒರೆಸಿ, ಮೂಸಿ ನೋಡಿದ. ಅವನಿಗೆ ಎಲ್ಲ ಗೊತ್ತಾಯಿತು.

"ನನಗ ಕೇಳಂಗಿಲ್ಲ ಅಂತ ನಿನಗ ಗೊತ್ತಿತ್ತು," ಎಂದ. ಜೀವನದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದ. "ಮತ್ತ ಯಾಕ ತಟ್ಟಿದಿ?"

ಉತ್ತರ ಅವನಿಗೆ ಕೇಳಬೇಕಾದರೆ ನಾನು ಕೂಗಿ ಹೇಳಬೇಕಿತ್ತು. ದಂಡೆಯ ಮೇಲೆ ಜನ ಇನ್ನೂ ನಿಂತಿದ್ದರು.